ಅಪ್ಪನ ಎಡಗೈ ಕೇಳಿಸಿತು

ಹೊಳೆನರಸೀಪುರ, ೧೬ ನವೆಂಬರ್ ೨೦೨೫, ಭಾನುವಾರ

ಗೆದ್ದೆ! ತಿಂಗಳಿಂದ ತಲೆ ತಿನ್ನುತ್ತಿದ್ದ ಟ್ರಾನ್ಸ್‌ಫಾರ್ಮರ್ ಜಗಳ ಮುಗಿಯಿತು. ನಾನು ಕಟ್ಟುತ್ತಿರುವ, ಹಳೇ ರೇಡಿಯೋದಲ್ಲಿರುವಂಥ ಗಾಜಿನ ವಾಲ್ವ್ ಆಂಪ್ಲಿಫೈಯರ್‌ಗೆ ಸಣ್ಣವು ಸಾಕು ಅಂತ ತಮ್ಮ ವಿಶ್ವಾಸ್. ಸ್ಪೀಕರಿಗೆ ಹೋಗುವ ಸದ್ದೆಲ್ಲ ಅವುಗಳ ಮೂಲಕವೇ ಹಾಯಬೇಕು, ಒಳಗಿನ ಕಬ್ಬಿಣ ಕಡಿಮೆಯಾದರೆ ತಗ್ಗಿನ ನಾದ ಸತ್ತೇ ಹೋಗುತ್ತದೆ ಅಂತ ನಾನು. ಹಾಸನದಿಂದ ದಪ್ಪನೆಯವೆರಡನ್ನು ಹೊತ್ತು ತಂದಾಗ, "ಇಟ್ಟಿಗೆ ತಂದಿದೀಯಲ್ಲೇ ಅಕ್ಕ, ಮನೆ ಕಟ್ತೀಯಾ?" ಅಂತ ನಕ್ಕಿದ್ದ.

ಸಂಜೆ ಎರಡು ಜೋಡಿಯನ್ನೂ ಒಂದಾದ ಮೇಲೊಂದು ಕೂರಿಸಿ, ಅಪ್ಪ ಹರೆಯದಲ್ಲಿ ಮೃದಂಗ ನುಡಿಸಿದ ಕಛೇರಿಯ ಕ್ಯಾಸೆಟ್ ಹಾಕಿದೆ. ಹಳೆಯ ಟೇಪ್‌ರೆಕಾರ್ಡರಿನಲ್ಲಿ ಅದನ್ನು ಕೇಳಿ ಕೇಳಿ, ಅವತ್ತು ತಮ್ಮ ಎಡಗೈಯ ತಗ್ಗಿನ ನಾದ ಏಳಲೇ ಇಲ್ಲ ಅಂತ ಕೊರಗುತ್ತಾ ಬಂದವರು ಅವರು. ಸಣ್ಣ ಜೋಡಿಯಲ್ಲಿ ಬರೀ ಬಲಗೈಯ ಟಣಟಣ. ದಪ್ಪನೆಯದರಲ್ಲಿ ಗುಂ ಅಂತ ಎದೆಗೇ ಬಂತು.

ಅಪ್ಪ ಕಾಫಿ ಲೋಟ ಕೆಳಗಿಟ್ಟರು. "ಹಂಸ, ಅದು ನಂದೇನೇ?"

"ನಿಮ್ದೇ ಅಪ್ಪ."

"ಚೆನ್ನಾಗೇ ನುಡ್ಸಿದೀನಿ ಕಣೇ! ಇನ್ನೊಂದ್ಸಲ ಹಾಕು."

ವಿಶ್ವಾಸ್ ತಾನೇ ಸಣ್ಣವನ್ನು ಪೆಟ್ಟಿಗೆಗೆ ತುಂಬಿದ. ಈಗ ಅಪ್ಪ ಅಟ್ಟದಿಂದ ಮೃದಂಗ ಇಳಿಸು ಅಂತ ಕೂಗುತ್ತಿದ್ದಾರೆ. ಅಮ್ಮ ಬೈಯುತ್ತಾಳೆ. ಬೈಯಲಿ, ಏಣಿ ತರಬೇಕು, ಬರೆಯೋದು ಆಮೇಲೆ…