ಒಲೆದೇವರ ಪಾಲಿನ ಮಿಠಾಯಿ

ಪೇಲಾನ್,

ಎಣ್ಣೆಗೆ ಸಾಲು ನಿಲ್ಲಲು ಹೊರಟೆ. ಗಂಜಿ ಒಲೆಯ ಮೇಲಿದೆ, ತಂಗಿ ರೂಚೆನ್‌ಗೂ ಬಡಿಸು.

ನಿನ್ನ ಕೆಂಪು ತೋಳುಪಟ್ಟಿಯ ಹೊಲಿಗೆ ಬಿಟ್ಟಿತ್ತು, ಹೊಲಿದಿಟ್ಟಿದ್ದೇನೆ. ಕ್ರಾಂತಿ ಮಾಡುವವರಿಗೆ ಸೂಜಿ ಹಿಡಿಯಲು ಪುರುಸೊತ್ತೆಲ್ಲಿ ಕಣೇ!

ನಿನ್ನ ಕೆಂಪುಪಟ್ಟಿ ದಳದವರು ಹಳೆಯ ದೇವರನ್ನು ಹುಡುಕಿ ನಾಶಮಾಡಲು ಮನೆಗೆ ಬಂದರೆ, ಒಲೆದೇವರ ಪಟವನ್ನು ಅಮ್ಮನೇ ಸುಟ್ಟಳು ಅಂತ ಹೇಳು. ಪಾಪ, ವರ್ಷದ ಕೊನೆಗೆ ಸ್ವರ್ಗಕ್ಕೆ ಹೋಗಿ ಮನೆಯ ಗುಟ್ಟನ್ನೆಲ್ಲ ದೊಡ್ಡ ದೇವರಿಗೆ ಒಪ್ಪಿಸುತ್ತಿದ್ದ. ಚಾಡಿ ಹೇಳದಿರಲಿ ಅಂತ ಅವನ ಬಾಯಿಗೆ ಅಂಟುಮಿಠಾಯಿ ಮೆತ್ತುತ್ತಿದ್ದೆವು.

ಈ ವರ್ಷದ ಮಿಠಾಯಿ ಡಬ್ಬಿಯಲ್ಲೇ ಉಳಿದಿದೆ. ರೂಚೆನ್‌ಗೆ ಚೂರು ಕೊಡು, ದೊಡ್ಡ ತುಂಡು ನಿನಗೆ. ನಾಳೆ ಸಭೆಯಲ್ಲಿ ನನ್ನ ಮೇಲೆ ದೂರು ಹೇಳಲು ನಿನ್ನನ್ನೇ ಕರೆಯುತ್ತಾರಂತೆ. ಆ ತುಂಡನ್ನು ಬಾಯಿಗೆ ಹಾಕಿಕೊಂಡೇ ಹೋಗು.

ಅಮ್ಮ