ಮಲಗಿದ್ದು ನಿಮ್ಮ ಕಂಪ್ಯೂಟರ್, ಓಡಬೇಕಾದ್ದು ನನ್ನ ತಂಗಿ

ಗಡಿಭಾಗದ ಸಮಸ್ತ ಓಟ, ಜಿಗಿತ, ಎಸೆತಗಳ ಒಡೆಯರೂ, ಸೀಟಿಯ ಒಂದೇ ಉಸಿರಿಗೆ ಮೈದಾನವನ್ನು ನಡುಗಿಸಬಲ್ಲವರೂ, ಕುರ್ಚಿಯಿಂದ ಏಳದೆಯೇ ಓಡುವವರನ್ನು ಅಳೆಯಬಲ್ಲ ಮಹಾಮಹಿಮರೂ, ಬೀದರ ನಗರದ ಗಡಿನಾಡು ಓಟಗಾರರ ತರಬೇತಿ ನಿಲಯದ ಆಯ್ಕೆ ಅಧಿಕಾರಿಗಳೂ ಆದ ತಮ್ಮ ದಿವ್ಯ ಸನ್ನಿಧಾನಕ್ಕೆ, ಔರಾದ ತಾಲ್ಲೂಕಿನ ಎಕಂಬಾದ ಒಬ್ಬ ಪಾಮರನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ, ತಮ್ಮ ಕಚೇರಿಯ ಕಂಪ್ಯೂಟರ್ ಮಲಗಿಬಿಟ್ಟಿದೆ. ಅದಕ್ಕಾಗಿ ನನ್ನ ತಂಗಿ ಮನಿಷಾ ಎದ್ದು ಓಡಬೇಕೆಂದು ಆಜ್ಞೆಯಾಗಿದೆ. ಇದು ಯಾವ ಶಾಸ್ತ್ರದ ಚಿಕಿತ್ಸೆ ಎಂದು ಕೇಳಲು ಈ ಪತ್ರ.

ಕಳೆದ ತಿಂಗಳ ಆಯ್ಕೆಯಲ್ಲಿ ಮನಿಷಾ ಸಾವಿರದೈನೂರು ಮೀಟರ್ ಓಟದಲ್ಲಿ ಮೊದಲು ಬಂದಳು. ಮೈದಾನವೇ ನೋಡಿತು. ತಾವೂ ನೋಡಿದಿರಿ, ಚಹಾದ ಲೋಟ ಕೆಳಗಿಟ್ಟು ಚಪ್ಪಾಳೆ ತಟ್ಟಿದಿರಿ. ಆದರೆ ತಮ್ಮದು ಕಾಗದವನ್ನು ಗಡೀಪಾರು ಮಾಡಿದ ಕಚೇರಿ. ಅವಳು ಗೆರೆ ದಾಟಿದ ವಿಡಿಯೊ, ತೆಗೆದುಕೊಂಡ ಸಮಯ, ಹೆಸರು, ಎಲ್ಲವೂ ಒಂದೇ ಡಿಸ್ಕಿನೊಳಗೆ. ಇನ್ನೊಂದು ಪ್ರತಿ? ಅಂಥದ್ದನ್ನು ಸಂಶಯಪಿಶಾಚಿಗಳು ಇಟ್ಟುಕೊಳ್ಳುತ್ತಾರೆ, ತಮಗೆ ಯಂತ್ರದ ಮೇಲೆ ಪೂರ್ಣ ಭರವಸೆ. ಆ ಸಂಜೆಯೇ ಕರೆಂಟ್ ಹೋಯಿತು. ಯುಪಿಎಸ್ ಇತ್ತು, ನಿಜ. ಅದು ತಮ್ಮ ಕೋಣೆಯ ಮೀನಿನ ತೊಟ್ಟಿಗೆ ಗಾಳಿ ಊದುವ ಸೇವೆಯಲ್ಲಿತ್ತು. ಮೀನುಗಳು ಕ್ಷೇಮವೆಂದು ಕೇಳಿ ನಾವು ಮನೆಯವರೆಲ್ಲ ಸಮಾಧಾನಪಟ್ಟೆವು.

ಈಗ ಪ್ರಕಟಣೆ ಬಂದಿದೆ: ತಾಂತ್ರಿಕ ಕಾರಣದಿಂದ ದಾಖಲೆ ಲಭ್ಯವಿಲ್ಲ, ಸೋಮವಾರ ಮರು ಓಟ, ಅಂದೇ ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಬಳಸಲಾಗುವುದು. ಇತ್ತ ನನ್ನ ತಂಗಿಯಲ್ಲೂ ಒಂದು ತಾಂತ್ರಿಕ ಕಾರಣವಿದೆ. ಗೆದ್ದ ದಿನ ಊರಿಗೆ ಬಂದವಳು, ಬಸ್ಸು ನಿಲ್ಲುವ ಮೊದಲೇ ಹುಮ್ಮಸ್ಸಿನಲ್ಲಿ ಜಿಗಿದು ಪಾದ ಉಳುಕಿಸಿಕೊಂಡಳು. ಎರಡು ತಿಂಗಳು ಓಟದ ಹೆಸರೆತ್ತಬೇಡ ಎಂದಿದ್ದಾರೆ ಡಾಕ್ಟರು. ಮುಂದಿನ ವರ್ಷ ಕಾಯೋಣವೆಂದರೆ ತಮ್ಮ ನಿಲಯದ ವಯೋಮಿತಿ ಮೀರುತ್ತದೆ. "ಅಣ್ಣಾ, ಸೋಮವಾರದ ತನಕ ಬಾವು ಇಳೀತದೇನು?" ಎಂದು ಕೇಳುತ್ತಾಳೆ. ನಾನು ಉತ್ತರಿಸುವಷ್ಟರಲ್ಲಿ ಮತ್ತೆ ಕೇಳುತ್ತಾಳೆ. ಬಾಗಿಲ ಹಿಂದೆ ನಿಂತು ಆ ಕಾಲಿನ ಮೇಲೆ ಭಾರ ಹಾಕಿ ನೋಡುತ್ತಾಳೆ, ತುಟಿ ಕಚ್ಚಿಕೊಳ್ಳುತ್ತಾಳೆ, ನಾನು ನೋಡಿಲ್ಲ ಅಂದುಕೊಳ್ಳುತ್ತಾಳೆ. ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ.

ಅದಕ್ಕೇ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಗುಮಾಸ್ತರಾದ ಕೈಲಾಶಣ್ಣ ಇದ್ದರು, ಮಾನಿಟರಿನ ಹಣೆಗೆ ಕುಂಕುಮವೂ ಇತ್ತು.

"ಇದು ಮದಲೇ ಏನಾದ್ರೂ ಸೂಚನಾ ಕೊಟ್ಟಿತ್ತೇನ್ರಿ?" ಎಂದೆ.

"ದಿನಾ ಮುಂಜಾನಿ ಕೇಳ್ತಿತ್ರಿ ಪಾಪ. ಡಿಸ್ಕು ತಪಾಸಣಿ ಮಾಡಬೇಕಾಗ್ಯಾದ, ಬ್ಯಾಡಂದ್ರ ಯಾವುದರೆ ಕೀಲಿ ಒತ್ತರಿ ಅಂತ. ಹೊರಗ ಮಂದಿ ಸಾಲು ನಿಂತಿರ್ತಾರ, ತಪಾಸಣಿ ಮಾಡಕೋತ ಕುಂತ್ರ ಮಧ್ಯಾಹ್ನ ಆಗ್ತದ. ಸ್ಪೇಸ್‌ಬಾರ್ ಒತ್ತಿ ಬಿಡ್ತೀವ್ರಿ. ನನಗ ಚಾರ್ಜ್ ಕೊಟ್ಟವರೂ ಹಂಗೇ ಹೇಳಿಕೊಟ್ಟಾರ."

ಎಂಥ ಪರಂಪರೆ! ಕಾಯಿಲೆಯವನು ದಿನಾ ನಾಡಿ ನೋಡಿರೆಂದು ಕೈ ಚಾಚುತ್ತಾನೆ, ನೀವು ದಿನಾ ಆ ಕೈ ಕುಲುಕಿ ಕಳಿಸುತ್ತೀರಿ. ಕೊನೆಗೆ ಕರೆಂಟ್ ಹೋಗಿ ಬಂದ ಆ ಸಂಜೆ ಕೈಲಾಶಣ್ಣ ಚಹಾಕ್ಕೆ ಹೋಗಿದ್ದರು. ಒತ್ತುವ ಕೈ ಇಲ್ಲದ್ದರಿಂದ ಯಂತ್ರ ತನ್ನ ತಪಾಸಣೆ ತಾನೇ ಮಾಡಿಕೊಂಡಿತು. ಹೆಸರು ಕಳೆದುಕೊಂಡ ಫೈಲುಗಳಿಗೆ ಬರೀ ನಂಬರು ಕೊಟ್ಟು ಒಂದು ಫೋಲ್ಡರಿನಲ್ಲಿ ಗುಡ್ಡೆ ಹಾಕಿದೆ. ಅದನ್ನು ನಾನೇ ಕಣ್ಣಾರೆ ಕಂಡೆ.

"ಹಂಗಾರ ಅದರಾಗ ಹುಡುಕ್ರಿ."

"ಹೆಸರಿಲ್ಲದ್ದು ನಮ್ಮ ಕಚೇರಿದು ಹ್ಯಾಂಗ ಆಗ್ತದ್ರಿ? ಮನಿಷಾ ಅಂತ ಹುಡುಕಿದ್ರ ಏನೂ ಬರವಲ್ದು."

ಭಾಲ್ಕಿಯಲ್ಲಿ ಕಂಪ್ಯೂಟರ್ ದುರಸ್ತಿ ಅಂಗಡಿ ಇಟ್ಟಿರುವ ನನ್ನ ಕಾಲೇಜಿನ ಗೆಳತಿ ರುಖ್ಸಾರಳಿಗೆ ಇದನ್ನು ಹೇಳಿದೆ. ಅವಳು ನಕ್ಕಳು, ಆಮೇಲೆ ಬೈದಳು. "ಅಲ್ಲೋ ನಾಗ್ಯಾ, ಚೀಲದ ಮ್ಯಾಲಿನ ಚೀಟಿ ಉದುರ್ಯಾವ. ಒಳಗಿನ ತೊಗರಿ ಎಲ್ಲಿ ಹೋಗ್ತದ? ಡಿಸ್ಕು ತಂದು ಕೊಡ್ರಿ ಅಂತ ಅವರಿಗೆ ಹೇಳು. ಪೂರಾ ನಕಲು ತೆಗೆದು, ಆ ನಕಲಿನ ಮ್ಯಾಲೆ ಕೈ ಆಡಸ್ತೀನಿ. ಸಿಕ್ಕೇ ಸಿಗ್ತದ ಅನ್ನಂಗಿಲ್ಲ. ಆದ್ರ ಎಲ್ಲಾ ಅಳಿಸಿಬಿಟ್ಟು ಆಮ್ಯಾಲೆ ನನ್ನ ಮುಂದ ಬಂದು ಅಳಬ್ಯಾಡ್ರಿ."

ಸ್ವಾಮಿ, ಒಂದು ಮಾತು. ಕೆಟ್ಟದ್ದನ್ನು ರಿಪೇರಿ ಮಾಡಿ ನೋಡುವ ಮೊದಲೇ ಜನರನ್ನು ಮತ್ತೆ ಓಡಿಸುವುದೇ ಆಡಳಿತವಾದರೆ, ನಾಳೆ ಮದುವೆ ನೋಂದಣಿಯ ಡಿಸ್ಕು ಹೋದರೆ ಮೊಮ್ಮಕ್ಕಳಿರುವವರಿಗೆ ಮತ್ತೆ ಬಾಸಿಂಗ ಕಟ್ಟುವಿರಾ? ತಮ್ಮದೇ ಸೇವಾ ದಾಖಲೆ ಅಳಿಸಿದರೆ ತಾವು ಮತ್ತೆ ಒಂದನೇ ತರಗತಿಯ ಚಾಪೆಯ ಮೇಲೆ ಕೂತು ಅ ಆ ಇ ಈ ಶುರು ಮಾಡುವಿರಾ?

ಮರು ಓಟದಿಂದ ಲಾಭವಾಗುವುದು ಎರಡನೆಯವಳಾಗಿ ಬಂದ ಭಾಲ್ಕಿಯ ಈಶ್ವರಿಗೆ. ಅವಳು ಮೊನ್ನೆ ಮನಿಷಾಗೆ ಫೋನ್ ಮಾಡಿದ್ದಳು. "ಅಷ್ಟೂ ದೂರ ನಾ ನಿನ್ನ ಬೆನ್ನು ನೋಡಕೋತ ಓಡೀನಿ. ನಿನ್ನ ಜಡಿ ಆ ಕಡಿ ಈ ಕಡಿ ಬಡೀತಿತ್ತು. ಕಂಪ್ಯೂಟರ್ ಮರೆತ್ರ ನಾನೂ ಮರೀಬೇಕೇನು? ಸೋಮವಾರ ನಾ ಓಡಂಗಿಲ್ಲ ನೋಡು." ಮನಿಷಾ ಫೋನಿಟ್ಟು ಇದನ್ನು ಒಂದಕ್ಷರ ಬಿಡದೆ ನನಗೆ ಹೇಳಿದಳು. ಇದನ್ನು ಕೈಲಾಶಣ್ಣನಿಗೆ ಹೇಳಿದರೆ ಅವರು ಕೇಳಿದ್ದು, "ಬೆನ್ನು ದಾಖಲಿ ಆಗ್ತದೇನ್ರಿ?" ಆಗುವುದಿಲ್ಲ, ಒಪ್ಪಿದೆ. ಆದರೂ ಈಶ್ವರಿಯ ನೆನಪಿಗೆ ಯುಪಿಎಸ್ ಬೇಕಾಗಲಿಲ್ಲ ಎಂಬುದು ತಮ್ಮ ಗಮನಕ್ಕಿರಲಿ.

ಆದಕಾರಣ ಆಗ್ರಹ ಇಷ್ಟೇ. ಡಿಸ್ಕನ್ನು ಅಳಿಸಬೇಡಿ. ಆ ಯಂತ್ರವನ್ನು ಇವತ್ತೇ ಬಂದ್ ಮಾಡಿಸಿ, ಬಲ್ಲವರ ಕೈಗೆ ಕೊಡಿ. ರುಖ್ಸಾರಳೇ ಆಗಬೇಕೆಂದಿಲ್ಲ, ಸ್ಪೇಸ್‌ಬಾರ್ ಒತ್ತಲು ಅವಸರವಿಲ್ಲದ ಯಾರಾದರೂ ಸರಿ. ಅಲ್ಲಿಯವರೆಗೆ ಮರು ಓಟ ನಿಲ್ಲಲಿ. ಆ ಫೋಲ್ಡರಿನ ಪ್ರತಿಯೊಂದು ಅನಾಥ ಫೈಲನ್ನೂ ತೆರೆದು ನೋಡಿದ ಮೇಲೂ ನನ್ನ ತಂಗಿ ಸಿಗದಿದ್ದರೆ, ಅವಳ ಕಾಲು ವಾಸಿಯಾಗುವ ತನಕ ಕಾಯಿರಿ. ತಪಾಸಣೆಗೆ ಇಷ್ಟು ವರ್ಷ ಸಮಯ ಸಾಲಲಿಲ್ಲ, ತಪಾಸಣೆ ತಪ್ಪಿಸಿದ್ದಕ್ಕಾದರೂ ಎರಡು ತಿಂಗಳು ತೆಗೆದಿಡಿ.

ಇಂತಿ,
ತಮ್ಮ ಮೀನುಗಳ ಆರೋಗ್ಯವನ್ನು ಸದಾ ಬಯಸುವ,
ಉಳುಕಿದ ಕಾಲಿನ ಅಣ್ಣ,
ನಾಗಸೇನ, ಎಕಂಬಾ

ಮರೆತ ಮಾತು: ಈ ಪತ್ರವನ್ನು ಔರಾದ ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೂತು ಟೈಪ್ ಮಾಡುತ್ತಿದ್ದೆ. ನಡುವೆ ಕರೆಂಟ್ ಹೋಗಿ ಬಂತು. ಮತ್ತೆ ಚಾಲೂ ಮಾಡಿದಾಗ ಪರದೆಯ ಮೇಲೆ ಅದೇ ಪ್ರಶ್ನೆ: ಡಿಸ್ಕು ತಪಾಸಣೆ ಮಾಡಬೇಕಾಗಿದೆ, ಬೇಡವೆಂದರೆ ಯಾವುದಾದರೂ ಕೀಲಿ ಒತ್ತಿ. ನನ್ನ ಹಿಂದೆ ಸಾಲಿತ್ತು. "ಏ ತಮ್ಮಾ, ಲಗು ಮಾಡೋ, ಬಸ್ಸು ಹೋಗ್ತದ" ಎಂದು ಒಬ್ಬ ವಯಸ್ಸಾದ ಆಯಿ ಬೆನ್ನಿಗೆ ತಿವಿದಳು.

ಒತ್ತಿಬಿಟ್ಟೆ.