ಹನ್ನೆರಡು ಇಂಚು ಮೀರಿದ ಹೂಗಳು

ಜೂನ್ 17, 2025, ಮಂಗಳವಾರ

ಇಂದು ಹಗಲು ಪುರಸಭೆಯವರು ಪಕ್ಕದ ಮನೆಯ ಅಲ್ವೀನಾ ಡಿರ್ಕ್ಸ್ ಅವರ ಕೋನ್‌ಫ್ಲವರ್ ಹೂಗಿಡಗಳನ್ನು ನೆಲಸಮ ಮಾಡಿದರು. ಕತ್ತರಿಸಿ, ಬುಡಕ್ಕೆ ಕಳೆನಾಶಕ ಹೊಡೆದರು. ಅಲ್ವೀನಾ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿರುವಾಗ. ಸಂಜೆ ಎಂದಿನಂತೆ ಅವರ ಬೆಕ್ಕಿಗೆ ಊಟ ಹಾಕಲು ಹೋದೆ. ಬೇಲಿ ದಾಟುವ ಮೊದಲೇ ವಾಸನೆ.

ಅಮೆರಿಕದ ಕ್ಯಾನ್ಸಸ್ಸಿನ ಈ ಊರಲ್ಲಿ ಹಳೆಯ ಹುಲ್ಲುಗಾವಲಿನ ತಳಿ ಉಳಿದದ್ದು ಅವರ ಅಂಗಳದ ಮೂವತ್ತು ಅಡಿ ಪಟ್ಟಿಯಲ್ಲಿ ಮಾತ್ರ. ರೈಲು ಹಳಿಯ ಪಕ್ಕದ ಹುಲ್ಲುಗಾವಲಿಗೆ ನೇಗಿಲು ಬೀಳುವ ಮುನ್ನ, 1931ರಲ್ಲಿ, ಅವರ ಅತ್ತೆ ಅಲ್ಲಿಂದ ಬೀಜ ಆರಿಸಿ ತಂದು ಬಿತ್ತಿದ್ದು. ಜೋತುಬಿದ್ದ ತೆಳು ಗುಲಾಬಿ ಎಸಳು, ನಡುವೆ ಮುಳ್ಳುಮುಳ್ಳಾದ ಉಬ್ಬು. ಗೊಬ್ಬರ ಬೇಡ, ನೀರು ಬೇಡ. ಸುಮ್ಮನೆ ಬಿಟ್ಟರೆ ಸಾಕು. ಅಷ್ಟೂ ನಮ್ಮಿಂದ ಆಗಲಿಲ್ಲ.

ಕಳೆ ತೆಗೆಸಿ ಎಂಬ ನೋಟಿಸ್ ಅವರ ಬಾಗಿಲ ಮೇಲಿತ್ತು, ಆರನೇ ತಾರೀಖಿನಿಂದ. ನೋಡಿದ್ದೆ. ಹೂವಿಗೆ ಯಾರು ಕೈ ಹಚ್ಚುತ್ತಾರೆ ಅಂದುಕೊಂಡೆ...

ಜೂನ್ 18

ಪುರಸಭೆಯ ಗ್ಯಾರೇಜಿಗೆ ಹೋದೆ. ಹುಲ್ಲು ಕತ್ತರಿಸುವ ಯಂತ್ರ ಓಡಿಸುವವನು ಡೆಲ್ಬರ್ಟ್. ಹೈಸ್ಕೂಲಿನಲ್ಲಿ ನನ್ನಿಂದ ಪೌರನೀತಿ ಪಾಠ ಕೇಳಿದವನು.

"ಹೂವು ಕಾಣಲಿಲ್ಲವೇನೋ?"

"ಕಂಡ್ವು ಮೇಷ್ಟ್ರೇ. ಚಿಕ್ಕವನಿದ್ದಾಗ ಹಲ್ಲುನೋವಿಗೆ ಅಲ್ವೀನಾ ಅದರ ಬೇರನ್ನೇ ಕೊಟ್ಟಿದ್ರು. ಅಗಿದ್ರೆ ನಾಲಿಗೆ ಜುಮ್ ಅಂತಿತ್ತು."

"ಮತ್ತೆ?"

"ಅಳತೆಕೋಲು ಇಟ್ಟೆ. ಮೂವತ್ತೊಂದು ಇಂಚು. ಹನ್ನೆರಡರ ಮೇಲೆ ಏನಿದ್ರೂ ತೆಗೀಬೇಕು, ರೂಲು. ಯಾರು ಏನೇ ಹೇಳಿದ್ರೂ ಮೊದಲು ರೂಲು ಓದ್ಕೋ ಅಂತಿದ್ದೋರು ನೀವೇ ಅಲ್ವಾ? ಓದ್ಕೊಂಡೆ. ಕೆಳಗೆ ನಿಮ್ಮದೇ ಸೈನ್ ಇತ್ತು."

ಅಣಕವಿರಲಿಲ್ಲ ಅವನ ದನಿಯಲ್ಲಿ. ಇದ್ದಿದ್ದರೆ ವಾಸಿಯಿತ್ತು.

ಜೂನ್ 24

ಐದು ದಿನ ಬರೆಯಲಿಲ್ಲ. ಬರೆಯಬೇಕಾದದ್ದು ಇದು.

1986. ಆಗ ನಾನು ಪುರಸಭಾ ಸದಸ್ಯ. ಎದುರು ಮನೆಯವನ ಅಂಗಳದಲ್ಲಿ ಮುರುಕಲು ಕಾರುಗಳು, ನಡುವೆ ಆಳೆತ್ತರದ ಕಳೆ. ಅವನಿಗೆ ಬುದ್ಧಿ ಕಲಿಸಲೆಂದೇ ಹನ್ನೆರಡು ಇಂಚಿನ ನಿಯಮ ಬರೆದೆ. ಕೊನೆಯ ಸಾಲು — ಈ ನೆಲದ ಮೂಲ ಹೂಗಿಡಗಳಿಗೆ ಇದು ಅನ್ವಯಿಸದು. ಅಧ್ಯಕ್ಷರು ಪಕ್ಕಕ್ಕೆ ಕರೆದರು. "ಈ ಸಾಲು ಇದ್ರೆ ಅವನು ಕಂಡ ಕಳೆಗೆಲ್ಲಾ ಹೂವು ಅಂತಾನೆ ಕಣಯ್ಯಾ. ಹೊಡೆದುಹಾಕು, ಇವತ್ತೇ ಪಾಸು."

ಹೊಡೆದುಹಾಕಿದೆ. ಕೈ ಎತ್ತಿದೆ. ಸಹಿ ಮಾಡಿದೆ. ಮೂವತ್ತೊಂಬತ್ತು ವರ್ಷ ಸಾಲು ಮರಳಿ ಸೇರಿಸಲು ಸಮಯವಿತ್ತು. ಊರಿನ ಬೇರೆಲ್ಲ ತಪ್ಪುಗಳ ಬಗ್ಗೆ ಪತ್ರಿಕೆಗೆ ಬರೆದೆ.

ಜೂನ್ 29, ಭಾನುವಾರ

ಆಸ್ಪತ್ರೆ. ಅಲ್ವೀನಾಗೆ ಎಲ್ಲ ಹೇಳಿದೆ. ಸಾಲು ತೆಗೆದದ್ದನ್ನೂ. ಆಮೇಲೆ ಕೇಳಿದೆ.

"ಬೀಜ ಏನಾದ್ರೂ ಇಟ್ಟಿದ್ದೀರಾ?"

"ಯಾವತ್ತು ಇಟ್ಟಿದ್ದೆ? ಒಣಗಿದ ಹೂವಿನ ತಲೆ ಕೊಯ್ಯಬಾರ್ದು, ಚಳಿಗಾಲಕ್ಕೆ ಹಕ್ಕಿಗಳ ಪಾಲು ಅಂತಿದ್ರು ನಮ್ಮತ್ತೆ. ಪ್ರತಿ ವರ್ಷ ಕತ್ತರಿ ಹಿಡ್ಕೊಂಡು ಬರ್ತಿದ್ದೆ ನೀನು. ಬೈದು ಓಡಿಸ್ತಿದ್ದೆ."

"ಬೇರೆ ಕಡೆಯಿಂದ ತರಿಸೋಣ."

"ಬಿತ್ತಿ, ಒಂದು ಚಳಿ ತಿಂದು, ಮೊಳೆತು, ಹೂ ಬಿಡೋಕೆ ನಾಲ್ಕು ವರ್ಷ. ನನಗೆ ಎಂಬತ್ತಾರು. ನಿನಗೇನು, ಇನ್ನೂ ಎಳೆ ಹುಡುಗ."

ಎಪ್ಪತ್ತೊಂಬತ್ತರ ನಾನು ನಗಬೇಕಿತ್ತು. ಅವರು ಗೋಡೆಯ ಕಡೆ ಹೊರಳಿದರು. "ಮನೆಗೆ ಹೋಗ್ತೀನಿ ಅಂತ ಡಾಕ್ಟರ ಹತ್ರ ಜಗಳ ಆಡ್ತಿದ್ದೆ ಕಣೋ. ಇನ್ನು ಆಡಲ್ಲ."

ಜುಲೈ 7, ಸೋಮವಾರ, ಸಂಜೆ ಆರು

ಏಳಕ್ಕೆ ಪುರಸಭೆಯ ಸಭೆ. ನಾಗರಿಕರಿಗೆ ತಲಾ ಮೂರು ನಿಮಿಷ. ಓದಬೇಕಾದ್ದನ್ನು ಇಲ್ಲಿ ಒಮ್ಮೆ ಬರೆದು ನೋಡುತ್ತೇನೆ.

ಆಸ್ಪತ್ರೆಯಲ್ಲಿರುವವರ ಬಾಗಿಲಿಗೆ ನೋಟಿಸ್ ಅಂಟಿಸಿ ಕೈತೊಳೆದುಕೊಂಡವರು ಯಾರು? ಕತ್ತರಿಸಿದ ಮೇಲೂ ವಿಷ ಏಕೆ? ಹೂಗಿಡಗಳನ್ನು ಕಾಯುತ್ತಿದ್ದ ಸಾಲು 1986ರಲ್ಲಿ ಏಕೆ ಹೋಯಿತು? ಮೊದಲೆರಡಕ್ಕೆ ನೀವು ಊರಿನೆದುರು ಉತ್ತರ ಕೊಡಬೇಕು, ಅದು ನಡಾವಳಿಯಲ್ಲಿ ದಾಖಲಾಗಬೇಕು. ಮೂರನೆಯದಕ್ಕೆ ಉತ್ತರ ಕೊಡಬೇಕಾದವನು ನಿಮ್ಮೆದುರೇ ನಿಂತಿದ್ದಾನೆ. ಕೇಳಿ. ಎಲ್ಲರಿಗೂ ಕೇಳಿಸುವಂತೆ, ನನ್ನ ಹೆಸರು ಹಿಡಿದು —